ಫಿಲಿಪಿನೊ ಚಿತ್ರಗಳ ಮಾತಿನ ಧಾಟಿ: ಅಸಹಜತೆಯ ಬೇರು ಎಲ್ಲಿದೆ?

(ಚಿತ್ರಾಸಕ್ತರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಗೆಳೆಯರೇ,

ಫಿಲಿಪಿನೊ ಚಿತ್ರವನ್ನು ಮೊದಲ ಸಲ ನೋಡಿದವರ ದೂರು ಬಹುಮಟ್ಟಿಗೆ ಒಂದೇ: ಅಲ್ಲಿ ಯಾರೂ ಮನೆಯಲ್ಲಿ ಮಾತನಾಡುವ ಹಾಗೆ ಮಾತನಾಡುವುದಿಲ್ಲ. ಅಡುಗೆಮನೆಯಲ್ಲಿ ಇಬ್ಬರೇ ನಿಂತು ಜಗಳವಾಡುವಾಗಲೂ ಎದುರಿಗೆ ಊರೇ ನೆರೆದಿದೆ ಎಂಬಂತೆ ದನಿ ಏರುತ್ತದೆ. ತನಗೆ ಯಾರಿಂದ ಏನು ಅನ್ಯಾಯವಾಯಿತು ಎಂಬುದು ಎದುರಿಗಿರುವವನಿಗೆ ಗೊತ್ತಿದ್ದರೂ ಪಾತ್ರ ಅದನ್ನು ಇನ್ನೊಮ್ಮೆ ಪೂರ್ತಿಯಾಗಿ ಹೇಳುತ್ತದೆ. ಮಾತು ಮುಗಿದ ಮೇಲೆ ಒಂದು ಕಪಾಳಮೋಕ್ಷ, ಅದಾದ ಮೇಲೆ ಅಳು. ಹಳೆಯ ಚಿತ್ರವಾದರೆ ತುಟಿ ಒಂದು ಕಡೆ, ಮಾತು ಇನ್ನೊಂದು ಕಡೆ.

ಈ ದೂರಿನಲ್ಲಿ ಹುರುಳಿಲ್ಲ ಎಂದು ನಾನು ಹೇಳಲಾರೆ. ಆದರೆ ಅದರಲ್ಲಿ ಎರಡು ಬೇರೆ ಸಂಗತಿಗಳು ಕಲೆತುಹೋಗಿವೆ. ಒಂದು, ರಂಗಭೂಮಿಯಿಂದ ಬಂದು ಬಲ್ಲವರ ಕೈಯಲ್ಲಿ ಬೆಳೆದ ಶೈಲಿ. ಇನ್ನೊಂದು, ಅವಸರದಲ್ಲಿ, ಕಡಿಮೆ ಹಣದಲ್ಲಿ, ನಟರನ್ನು ದಣಿಸಿ ಚಿತ್ರ ತೆಗೆದದ್ದರಿಂದ ಆದ ಹಾನಿ. ಎರಡನೆಯದರ ತಪ್ಪನ್ನು ಮೊದಲನೆಯದರ ತಲೆಗೆ ಕಟ್ಟಿಬಿಟ್ಟರೆ ಏಷ್ಯಾದ ದೊಡ್ಡ ನಟರಲ್ಲಿ ಕೆಲವರನ್ನು ನಾವು ಕೇಳಿಸಿಕೊಳ್ಳದೆಯೇ ಎದ್ದು ಬಂದಂತಾಗುತ್ತದೆ. ಆ ನಷ್ಟವನ್ನು ನಾನು ಸಣ್ಣದೆಂದು ಎಣಿಸುವುದಿಲ್ಲ.

ಮೊದಲು ಶೈಲಿಯ ಮಾತು. ಸ್ಪೇನ್ ಆಳಿದ ಮುನ್ನೂರಕ್ಕೂ ಹೆಚ್ಚು ವರ್ಷಗಳಲ್ಲಿ ಫಿಲಿಪೀನ್ಸ್‌ನ ಹಳ್ಳಿಗಳಲ್ಲಿ ಯೇಸುವಿನ ಯಾತನೆಯ ಕಥೆ ಎಲ್ಲಕ್ಕಿಂತ ಆಳವಾಗಿ ಇಳಿಯಿತು. ಗಾಸ್ಪರ್ ಅಕಿನೊ ದೆ ಬೆಲೆನ್ ಆ ಕಥೆಯನ್ನು ತಗಾಲಗ್ ಭಾಷೆಯ ಕಾವ್ಯವಾಗಿ ಬರೆದದ್ದು 1704ರಲ್ಲಿ ಅಚ್ಚಾಯಿತು. ಐದೈದು ಸಾಲಿನ ಪದ್ಯ, ಸಾಲಿಗೆ ಎಂಟು ಅಕ್ಷರ, ಕೊನೆಯಲ್ಲಿ ಪ್ರಾಸ. ಈ ಬಗೆಯ ಕಾವ್ಯವನ್ನು ಈಸ್ಟರ್‌ಗೆ ಮುಂಚಿನ ತಪಸ್ಸಿನ ಕಾಲದಲ್ಲಿ ಮನೆಮನೆಯಲ್ಲೂ ರಾಗವಾಗಿ ಓದುತ್ತಾರೆ, ಇಂದಿಗೂ ಓದುತ್ತಾರೆ. ಅದೇ ಕಥೆ ಪವಿತ್ರ ವಾರದಲ್ಲಿ ರಂಗದ ಮೇಲೆ ಬಂದಾಗ ಅದಕ್ಕೆ ಸಿನಾಕುಲೊ ಎಂದು ಹೆಸರು. ಅಲ್ಲಿ ಯೇಸು, ಮಾತೆ ಮರಿಯ ಮೊದಲಾದ ಪವಿತ್ರ ಪಾತ್ರಗಳು ತಲೆ ತಗ್ಗಿಸಿ ನಿಧಾನವಾಗಿ ನಡೆಯುತ್ತವೆ, ಎಳೆದೆಳೆದು ಹೇಳುತ್ತವೆ. ಹಿಂಸಿಸುವವರು ಎದೆ ಉಬ್ಬಿಸಿ ನಡೆಯುತ್ತಾರೆ, ಗಟ್ಟಿಯಾಗಿ ಅಬ್ಬರಿಸುತ್ತಾರೆ. ಪಾತ್ರ ಒಳ್ಳೆಯದೋ ಕೆಟ್ಟದೋ ಎಂಬುದನ್ನು ಅದರ ದನಿಯೇ ಮೊದಲು ತಿಳಿಸುತ್ತದೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಯಾವುದಾದರೂ ಫಿಲಿಪಿನೊ ಕೌಟುಂಬಿಕ ಚಿತ್ರ ನೋಡಿ. ತಗ್ಗಿದ ಕಣ್ಣಿನ, ಸಹಿಸುವ ನಾಯಕಿ. ಮೆಟ್ಟಿಲ ಮೇಲೆ ನಿಂತು ಅಬ್ಬರಿಸುವ ಶ್ರೀಮಂತ ಖಳನಾಯಕಿ. ಇಬ್ಬರೂ ಸಿನಾಕುಲೊ ರಂಗದಿಂದ ಇಳಿದು ಬಂದವರೆಂದೇ ನನಗೆ ಅನ್ನಿಸುತ್ತದೆ.

ಇನ್ನೊಂದು ರೂಪ ಕೊಮೆದ್ಯಾ. ಕ್ರೈಸ್ತ ರಾಜರಿಗೂ ‘ಮೂರ್’ ಎಂದು ಕರೆಯುತ್ತಿದ್ದ ಮುಸ್ಲಿಮರಿಗೂ ನಡೆಯುವ ಯುದ್ಧ, ನಡುವೆ ಪ್ರೇಮ. ಪೂರಾ ಪದ್ಯ; ಪ್ರವೇಶ ನಿರ್ಗಮನಗಳೆಲ್ಲ ವಾದ್ಯದ ಹೆಜ್ಜೆಗೆ ತಕ್ಕ ನಡಿಗೆ. ನಟರು ಊರಿನ ರೈತರು, ಮೀನುಗಾರರು. ಅಷ್ಟು ಪದ್ಯ ಬಾಯಿಪಾಠವಾಗುವುದು ಕಷ್ಟವಾದ್ದರಿಂದ ಮರೆಯಲ್ಲಿ ಒಬ್ಬ ಕುಳಿತು ಸಾಲುಗಳನ್ನು ಹೇಳಿಕೊಡುತ್ತಿದ್ದ. ಕೇಳಿಸಿಕೊಂಡ ಸಾಲನ್ನು ನಟ ಜನರ ಕಡೆಗೆ ತಿರುಗಿ ಒಪ್ಪಿಸುತ್ತಿದ್ದ. ಎದುರಿನ ಪಾತ್ರಕ್ಕಿಂತ ಪ್ರೇಕ್ಷಕನೇ ಅಲ್ಲಿ ಮುಖ್ಯ ಕೇಳುಗ.

ಸಿನಿಮಾ ಹುಟ್ಟಿದ್ದೇ ಈ ರಂಗದ ಮಡಿಲಲ್ಲಿ. ಹೊಸೆ ನೆಪೊಮುಸೆನೊ 1919ರಲ್ಲಿ ತೆಗೆದ ‘ದಲಗಾಂಗ್ ಬುಕಿದ್’ ಅಲ್ಲಿನವರೇ ತಯಾರಿಸಿದ ಮೊದಲ ಕಥಾಚಿತ್ರ. ಅದು ಹಾಡು ತುಂಬಿದ ಸರ್ಸುವೆಲಾ ನಾಟಕವೊಂದರ ಚಿತ್ರರೂಪ. ಚಿತ್ರ ಮೂಕಿ, ಆದರೆ ನಾಯಕಿ ಅತಾಂಗ್ ದೆ ಲಾ ರಾಮಾ ಪ್ರದರ್ಶನದ ವೇಳೆ ಚಿತ್ರಮಂದಿರದಲ್ಲೇ ನಿಂತು ಹಾಡುತ್ತಿದ್ದರು. ಪರದೆಯ ಮೇಲೆ ಮುಖ, ಪಕ್ಕದಲ್ಲಿ ಎತ್ತರದ ಜೀವಂತ ಕಂಠ. ಫಿಲಿಪಿನೊ ಪ್ರೇಕ್ಷಕನಿಗೆ ತನ್ನ ಮೊದಲ ಚಿತ್ರದಲ್ಲೇ ಮುಖ ಮತ್ತು ದನಿ ಬೇರೆ ಬೇರೆ ಕಡೆಯಿಂದ ಬಂದವು.

ಇದು ನಮಗೆ ಅರ್ಥವಾಗದ ಸಂಗತಿಯೇನಲ್ಲ. 1954ರ ‘ಬೇಡರ ಕಣ್ಣಪ್ಪ’ದ ರಾಜ್‌ಕುಮಾರ್ ಮತ್ತು ನರಸಿಂಹರಾಜು ಗುಬ್ಬಿ ಕಂಪನಿಯ ರಂಗದಲ್ಲಿ ಪಳಗಿದವರು. ಆ ಕಾಲದ ಕನ್ನಡ ಚಿತ್ರಗಳ ಸಂಭಾಷಣೆಯಲ್ಲಿ ಗ್ಯಾಲರಿಯ ಕೊನೆಯ ಸಾಲಿಗೂ ಕೇಳಿಸಬೇಕೆಂಬ ಹಟ ಇಂದಿಗೂ ಕೇಳುತ್ತದೆ. ನಾವು ಅದನ್ನು ಅಸಹಜವೆಂದು ಕರೆಯುವುದಿಲ್ಲ, ಏಕೆಂದರೆ ಆ ಧಾಟಿ ನಮ್ಮ ಕಿವಿಗೆ ಮೊದಲೇ ಪರಿಚಿತ. ಪರದೇಶದ ಚಿತ್ರ ಬಂದಾಗ ಅದೇ ಕಿವಿಯನ್ನು ಮನೆಯಲ್ಲಿಟ್ಟು ಬರುತ್ತೇವೆ.

ಫಿಲಿಪೀನ್ಸ್‌ಗೆ ಮರಳೋಣ. ಅಲ್ಲಿ ಇನ್ನೊಂದು ತಿರುವು ಸಂಭವಿಸಿತು. ಎರಡನೆಯ ಮಹಾಯುದ್ಧದಲ್ಲಿ ಜಪಾನ್ ಆ ದೇಶವನ್ನು ಹಿಡಿದಾಗ ಚಿತ್ರ ನಿರ್ಮಾಣ ಬಹುತೇಕ ನಿಂತುಹೋಯಿತು. ಚಿತ್ರತಾರೆಯರು ಹೊಟ್ಟೆಪಾಡಿಗಾಗಿ ಮನಿಲಾದ ಥಿಯೇಟರುಗಳಲ್ಲಿ ರಂಗ ಪ್ರದರ್ಶನಗಳಿಗೆ ಇಳಿದರು. ಮುಂದೆ ಹಾಸ್ಯನಟರ ರಾಜ ಎನಿಸಿಕೊಂಡ ಡಾಲ್ಫಿ ಬಣ್ಣ ಹಚ್ಚಿದ್ದೇ ಆ ವರ್ಷಗಳ ರಂಗದ ಮೇಲೆ. ಕ್ಯಾಮೆರಾದ ಮುಂದೆ ದನಿ ತಗ್ಗಿಸಲು ಕಲಿಯುತ್ತಿದ್ದ ಒಂದು ಪೀಳಿಗೆ ಮತ್ತೆ ದನಿ ಎತ್ತುವ ಕೆಲಸಕ್ಕೆ ಹೋಯಿತು. ಯುದ್ಧ ಮುಗಿದ ಮೇಲೆ ಆ ದನಿಯೊಡನೆಯೇ ಸ್ಟುಡಿಯೊಗಳಿಗೆ ಮರಳಿತು.

ಆಮೇಲೆ ಬಂದದ್ದು ರೇಡಿಯೊ ನಾಟಕ ಮತ್ತು ಚಿತ್ರಕಥೆಯ ಪತ್ರಿಕೆಗಳು, ಅಂದರೆ ಕಾಮಿಕ್ಸ್. ಇವೆರಡರ ಪ್ರಭಾವವನ್ನು ನಾನು ರಂಗಭೂಮಿಯಷ್ಟೇ ದೊಡ್ಡದೆಂದು ಎಣಿಸುತ್ತೇನೆ. 1949ರಲ್ಲಿ ‘ಗುಲೊಂಗ್ ನಂಗ್ ಪಲಾದ್’ ರೇಡಿಯೊದಲ್ಲಿ ಶುರುವಾಯಿತು. ಅಂಥ ಧಾರಾವಾಹಿಗಳನ್ನು ಕೇಳುತ್ತಾ ಮಕ್ಕಳು ಬೆಳೆದರು. ರೇಡಿಯೊದಲ್ಲಿ ಮುಖವಿಲ್ಲ. ಆದ್ದರಿಂದ ಯಾರು ಒಳಗೆ ಬಂದರು, ಅವರ ಕೈಯಲ್ಲಿ ಏನಿದೆ, ಇವಳ ಎದೆಯಲ್ಲಿ ಏನಾಗುತ್ತಿದೆ ಎಂಬುದನ್ನೆಲ್ಲ ಮಾತೇ ಹೊರಬೇಕು. ಚಿತ್ರಕಥೆಯ ಪತ್ರಿಕೆಯಲ್ಲಿ ಮುಖವಿದೆ, ದನಿಯಿಲ್ಲ. ಆದ್ದರಿಂದ ಮಾತಿನ ಗುಳ್ಳೆಯೊಳಗಿನ ಒಂದೊಂದು ಸಾಲೂ ಒಂದು ಇಡೀ ಭಾವವನ್ನು ಹಿಡಿದಿಟ್ಟುಕೊಳ್ಳಬೇಕು. ಸಿನಿಮಾಕ್ಕೆ ಇವೆರಡರ ಋಣವೂ ಬಿತ್ತು. ಮಾರ್ಸ್ ರವೆಲೊ ಬರೆದ ಕಾಮಿಕ್ಸ್‌ನಿಂದ 1951ರಲ್ಲಿ ಸಂಪಗೀತಾ ಸಂಸ್ಥೆ ‘ರೊಬೆರ್ತಾ’ ತೆಗೆಯಿತು. ಬಾಲನಟಿ ಟೆಸ್ಸಿ ಅಗಾನಾಳನ್ನು ಗೋಳು ಹೊಯ್ದುಕೊಂಡ ಬೆಲ್ಲಾ ಫ್ಲೋರೆಸ್ ಅಲ್ಲಿಂದ ಮುಂದೆ ಇಡೀ ದೇಶದ ಖಳನಾಯಕಿಯಾದರು.

ಅದೇ ಸಾಲಿಗೆ ಸೇರಿದ್ದು ನೆರಿಸ್ಸಾ ಕಬ್ರಾಲ್ ಅವರ ಕಾಮಿಕ್ಸ್‌ನಿಂದ 1985ರಲ್ಲಿ ಬಂದ ‘ಬಿತುಯಿಂಗ್ ವಲಾಂಗ್ ನಿಂಗ್‌ನಿಂಗ್’. ಅದರಲ್ಲಿ ಹೆಸರಾಂತ ಗಾಯಕಿಯ ಪಾತ್ರದಲ್ಲಿ ಶೆರೀ ಗಿಲ್, ಹೊಸದಾಗಿ ಮೇಲೆ ಬರುತ್ತಿರುವ ಶರೋನ್ ಕುನೆತಾಳ ಪಾತ್ರವನ್ನು ಎರಡನೆಯ ದರ್ಜೆಯ ನಕಲು ಎಂದು ಜರೆದು ಮುಖಕ್ಕೆ ನೀರೆರಚುವ ದೃಶ್ಯವಿದೆ. ಆ ಬೈಗುಳ ಪೂರ್ತಿ ಇಂಗ್ಲಿಷಿನಲ್ಲಿದೆ. ಅಮೆರಿಕದ ಆಳ್ವಿಕೆ ಬಿಟ್ಟುಹೋದ ಇಂಗ್ಲಿಷ್ ಅಲ್ಲಿ ಅಧಿಕಾರದ, ಹಣದ ಭಾಷೆ. ಖಳನಾಯಕಿ ಅದನ್ನು ಚೂರಿಯ ಹಾಗೆ ಬಳಸುತ್ತಾಳೆ. ಶೆರೀ ಗಿಲ್ ಒಂದೊಂದು ಪದವನ್ನೂ ಕಚ್ಚಿ ಬಿಡಿಸಿ ಹೇಳುತ್ತಾರೆ. ಸಹಜ ಮಾತಿನ ಅಳತೆಗೋಲಿನಲ್ಲಿ ಅದು ಅತಿ. ಆದರೆ ಆಕೆ ಮುಂದೆ ರಂಗದ ಮೇಲೆ ಮರಿಯಾ ಕಲ್ಲಾಸ್ ಪಾತ್ರ ಮಾಡಿದ ಕಲಾವಿದೆ; ಎಲ್ಲಿ ಎಷ್ಟು ಬೇಕೆಂಬುದು ಆಕೆಗೆ ಚೆನ್ನಾಗಿ ಗೊತ್ತಿತ್ತು. ಸಾವಿರಾರು ಜನ ಆ ಸಾಲನ್ನು ಇಂದಿಗೂ ಒಪ್ಪಿಸುತ್ತಾರೆ. ನೆನಪಿನಲ್ಲಿ ಉಳಿಯಲೆಂದೇ ಬರೆದು, ಉಳಿಯಲೆಂದೇ ಹೇಳಿದ ಮಾತು ಅದು. ಮೂರು ಶತಮಾನ ಪದ್ಯವನ್ನು ಬಾಯಿಪಾಠ ಮಾಡಿದ ಸಮಾಜಕ್ಕೆ ಅದು ಹೊಸ ಅಭ್ಯಾಸವಲ್ಲ.

ಭಾಷೆಯ ಇನ್ನೊಂದು ಮಗ್ಗುಲೂ ಇದೆ. ಏಳು ಸಾವಿರಕ್ಕೂ ಹೆಚ್ಚು ದ್ವೀಪಗಳ ಆ ದೇಶದಲ್ಲಿ 170ಕ್ಕೂ ಹೆಚ್ಚು ಭಾಷೆಗಳಿವೆ. ಮನಿಲಾದ ಚಿತ್ರರಂಗ ಮಾತನಾಡುವುದು ತಗಾಲಗ್. ವಿಸಾಯಾಸ್ ಮತ್ತು ಮಿಂಡನಾವ್ ಕಡೆಯ ಕೋಟ್ಯಂತರ ಪ್ರೇಕ್ಷಕರಿಗೆ ಅದು ಮನೆಮಾತಲ್ಲ. ಹಲವು ತಾರೆಯರಿಗೂ ಅಲ್ಲ. ಇಷ್ಟು ಕಿವಿಗಳಿಗೆ ತಲುಪಬೇಕಾದ ಮಾತು ಸ್ಪಷ್ಟವಾಗಿ, ಬಿಡಿಬಿಡಿಯಾಗಿ, ತುಸು ನಿಧಾನವಾಗಿ ಬರುವುದು ಸಹಜವೇ. ಜೊತೆಗೆ ಅಲ್ಲಿನ ಚಿತ್ರಮಂದಿರಗಳಲ್ಲಿ ಬಹುಕಾಲ ಆಟಗಳು ಒಂದರ ಹಿಂದೊಂದು ನಡೆಯುತ್ತಿದ್ದವು. ಜನ ಬೇಕಾದ ಹೊತ್ತಿಗೆ ನಡುವೆ ಒಳಬಂದು, ತಾವು ಬಂದ ಜಾಗದವರೆಗೆ ಮುಂದಿನ ಆಟವನ್ನೂ ನೋಡಿ ಎದ್ದು ಹೋಗುತ್ತಿದ್ದರು. ನಡುವೆ ಬಂದವನಿಗೂ ಯಾರು ಯಾರ ಮಗಳೆಂದು ಗೊತ್ತಾಗಬೇಡವೇ? ಪಾತ್ರಗಳು ತಮ್ಮ ಕಥೆಯನ್ನು ತಾವೇ ಮತ್ತೆ ಮತ್ತೆ ಹೇಳಿಕೊಳ್ಳುವುದಕ್ಕೆ ಇದೂ ಒಂದು ಕಾರಣವೆಂದು ನಾನು ನಂಬಿದ್ದೇನೆ.

ಈಗ ಹಾನಿಯ ಕಡೆಗೆ ಬರುತ್ತೇನೆ. ಅದನ್ನು ಮುಚ್ಚಿಡುವುದು ಆ ನಟರಿಗೇ ಮಾಡುವ ಅನ್ಯಾಯ.

ಐವತ್ತರ ದಶಕದಲ್ಲಿ ಅಲ್ಲಿ ದೊಡ್ಡ ಸ್ಟುಡಿಯೊಗಳಿದ್ದವು. ದೊನ್ಯಾ ಸಿಸಾಂಗ್ ಎಂದೇ ಹೆಸರಾದ ನರ್ಸಿಸಾ ದೆ ಲಿಯೋನ್ ಮುನ್ನಡೆಸಿದ ಎಲ್‌ವಿಎನ್ ಅಂಥದ್ದು. ಅದು 1961ರಲ್ಲಿ ಚಿತ್ರ ನಿರ್ಮಾಣ ನಿಲ್ಲಿಸಿತು. ಸ್ಟುಡಿಯೊ ಯುಗ ಮುಗಿಯುತ್ತಿದ್ದಂತೆ ಸಣ್ಣ ನಿರ್ಮಾಪಕರ ಕಾಲ ಬಂತು. ಹೊರಾಂಗಣದಲ್ಲಿ, ಗದ್ದಲದ ಬೀದಿಗಳಲ್ಲಿ ಚಿತ್ರೀಕರಣ. ಮಾತನ್ನು ಆಮೇಲೆ ಡಬ್ಬಿಂಗ್ ಕೋಣೆಯಲ್ಲಿ ತುಂಬುವುದು. ದಶಕಗಳ ಕಾಲ ವಾಣಿಜ್ಯ ಚಿತ್ರಗಳಲ್ಲಿ ಇದೇ ರೂಢಿ. ಇದು ನಟನೆಗೆ ಏನು ಮಾಡುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಮೊದಲನೆಯದಾಗಿ, ನಟನ ಮೈಯ ಶ್ರಮ ದನಿಯಿಂದ ಕಳಚಿಹೋಗುತ್ತದೆ. ಓಡಿ ಬಂದು ಬಾಗಿಲು ತಟ್ಟಿದವನ ಮಾತನ್ನು, ವಾರಗಳ ನಂತರ, ತಣ್ಣನೆಯ ಕೋಣೆಯಲ್ಲಿ ಮೈಕಿನ ಮುಂದೆ ನಿಂತು ಹೇಳಬೇಕು. ಏದುಸಿರು ಬರುವುದಿಲ್ಲ, ಬರಿಸಿಕೊಳ್ಳಬೇಕಾಗುತ್ತದೆ, ಮತ್ತು ಬರಿಸಿಕೊಂಡದ್ದು ಹೆಚ್ಚಾಗುತ್ತದೆ. ಎದುರಿನ ನಟ ಆ ಕೋಣೆಯಲ್ಲಿ ಇರದಿದ್ದರೆ ಸಿಟ್ಟಿಗೆ ಗುರಿಯೇ ಇರುವುದಿಲ್ಲ, ಆದ್ದರಿಂದ ಸಿಟ್ಟು ಎಲ್ಲ ದಿಕ್ಕಿಗೂ ಚೆಲ್ಲುತ್ತದೆ. ತುಟಿ ತೆರೆದಷ್ಟು ಹೊತ್ತು ಮಾತು ತುಂಬಬೇಕೆಂಬ ಲೆಕ್ಕಾಚಾರದಲ್ಲಿ ಉಸಿರಾಟದ ಜಾಗಗಳು ಬದಲಾಗುತ್ತವೆ. ಎಲ್ಲ ಪಾತ್ರಗಳ ದನಿಯೂ ಮೈಕಿನಿಂದ ಒಂದೇ ದೂರದಲ್ಲಿರುವುದರಿಂದ ಪರದೆಯ ಮೇಲೆ ದೂರ ನಿಂತವನೂ ಕಿವಿಯ ಪಕ್ಕದಲ್ಲೇ ಮಾತನಾಡುತ್ತಾನೆ. ಮತ್ತೆ, ಚಿತ್ರೀಕರಣದ ವೇಳೆ ಧ್ವನಿ ಮುದ್ರಿಸುತ್ತಿಲ್ಲವೆಂದಾದರೆ ಸಾಲು ಕಲಿತು ಬರಲೇಬೇಕೆಂಬ ಒತ್ತಾಯವೂ ಉಳಿಯುವುದಿಲ್ಲ. ಕ್ಯಾಮೆರಾದ ಹಿಂದಿನಿಂದ ಯಾರಾದರೂ ಹೇಳಿಕೊಡಬಹುದು. ಕೊಮೆದ್ಯಾದ ಮರೆಯ ಮನುಷ್ಯ ಹೀಗೆ ಇನ್ನೊಂದು ದಾರಿಯಿಂದ ಒಳಬರುತ್ತಾನೆ. ಆದರೆ ಅಲ್ಲಿ ಅವನ ಹಿಂದೆ ಛಂದಸ್ಸು ಇತ್ತು, ವಾದ್ಯವಿತ್ತು. ಇಲ್ಲಿ ಬರಿಯ ಅವಸರ.

ತೊಂಬತ್ತರ ದಶಕದ ಕೊನೆಗೆ ಈ ಅವಸರ ತನ್ನ ತುದಿ ಮುಟ್ಟಿತು. ರೀಗಲ್ ಸಂಸ್ಥೆಯ ಬಳಗದಲ್ಲಿ ‘ಪಿತೊ-ಪಿತೊ’ ಎಂಬ ಪದ್ಧತಿ ಬಂತು: ಏಳು ದಿನ ಸಿದ್ಧತೆ, ಏಳು ದಿನ ಚಿತ್ರೀಕರಣ, ಏಳು ದಿನ ಸಂಕಲನ ಮತ್ತು ಧ್ವನಿಯ ಕೆಲಸ. ಏಳು ದಿನದಲ್ಲಿ ಚಿತ್ರೀಕರಣ ಮುಗಿಯಬೇಕಾದಾಗ ನಟನಿಗೆ ಪಾತ್ರವನ್ನು ಹುಡುಕುವ ಸಮಯವೇ ಇಲ್ಲ. ಹೋದ ಚಿತ್ರದಲ್ಲಿ ಗೆದ್ದ ಅಳು, ಹೋದ ಚಿತ್ರದಲ್ಲಿ ಗೆದ್ದ ನೋಟವನ್ನೇ ಮತ್ತೆ ತೆಗೆಯುತ್ತಾನೆ. ನೀವು ಅಸಹಜವೆನ್ನುವುದರಲ್ಲಿ ದೊಡ್ಡ ಪಾಲು ಇದು ಎಂದು ನನ್ನ ತೀರ್ಮಾನ. ಈ ಇಕ್ಕಟ್ಟಿನಿಂದಲೇ 1998ರಲ್ಲಿ ಲಾವ್ ದಿಯಾಸ್ ಎಂಬ ನಿರ್ದೇಶಕ ಮೊದಲ ಚಿತ್ರ ಮಾಡಿ ಹೊರಬಂದ ಎಂಬುದನ್ನೂ ಹೇಳಬೇಕು; ಅವನ ವಿಷಯಕ್ಕೆ ಮತ್ತೆ ಬರುತ್ತೇನೆ.

ಹಾಗಾದರೆ ಶೈಲಿಯನ್ನು ಉಳಿಸಿಕೊಂಡು ಹಾನಿಯನ್ನು ಮೀರಿದವರು ಯಾರು? ನಿರ್ದೇಶಕ ಲೀನೊ ಬ್ರೊಕಾ ಹೆಸರಿನಿಂದಲೇ ಶುರು ಮಾಡಬೇಕು. ಸೆಸಿಲ್ ಗಿದೋಟೆ 1967ರಲ್ಲಿ ಕಟ್ಟಿದ ‘ಪೇಟಾ’ ರಂಗತಂಡದಲ್ಲಿ ಬ್ರೊಕಾ ದುಡಿದವರು. ಅವರ ‘ಇನ್ಸ್ಯಾಂಗ್’ 1976ರದು. 1978ರಲ್ಲಿ ಅದು ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡ ಮೊದಲ ಫಿಲಿಪಿನೊ ಚಿತ್ರವಾಯಿತು. ಮನಿಲಾದ ತೊಂಡೊ ಕೊಳೆಗೇರಿಯಲ್ಲಿ ತಾಯಿ, ಮಗಳು, ತಾಯಿಯ ಪ್ರಿಯಕರ. ಕಥೆ ಅಪ್ಪಟ ಗೋಳಿನ ಕಥೆ: ದ್ರೋಹ, ಅತ್ಯಾಚಾರ, ಸೇಡು. ತಾಯಿಯಾಗಿ ಮೋನಾ ಲೀಸಾ ಎಂಬ ನಟಿ ಕಿರುಚುತ್ತಾರೆ, ಬೈಯುತ್ತಾರೆ, ಬಂಧುಗಳನ್ನು ಮನೆಯಿಂದ ಅಟ್ಟುತ್ತಾರೆ. ಆದರೆ ತಗಡಿನ ಗೋಡೆಯ ಆಚೆಗೆ ನೂರು ಮನೆಗಳಿವೆ; ಅಲ್ಲಿ ಗುಟ್ಟಿನ ಮಾತು ಎಂಬುದೇ ಸಾಧ್ಯವಿಲ್ಲ. ಜೋರು ದನಿಗೆ ಬ್ರೊಕಾ ಒಂದು ಜಾಗ ಕೊಟ್ಟರು. ಮಗಳಾದ ಹಿಲ್ಡಾ ಕೊರೊನೆಲ್ ಅದಕ್ಕೆದುರಾಗಿ ದನಿ ತಗ್ಗಿಸುತ್ತಾ ತಗ್ಗಿಸುತ್ತಾ ಹೋಗುತ್ತಾಳೆ, ಮತ್ತು ಆ ತಗ್ಗಿದ ದನಿಯೇ ಕೊನೆಗೆ ಭಯ ಹುಟ್ಟಿಸುತ್ತದೆ.

ಮೈಕ್ ದೆ ಲಿಯೋನ್ 1981ರಲ್ಲಿ ಮಾಡಿದ ‘ಕಿಸಪ್ಮತಾ’ದಲ್ಲಿ ವಿಕ್ ಸಿಲಾಯಾನ್ ಎಂಬ ನಟನದು ನಿವೃತ್ತ ಪೊಲೀಸ್ ತಂದೆಯ ಪಾತ್ರ. ಅವನು ಮನೆಯವರಿಗೆ ಅಪ್ಪಣೆ ಕೊಡುವ ಮೆಲ್ಲನೆಯ ಧಾಟಿಯನ್ನು ಕೇಳಿದರೆ ಫಿಲಿಪಿನೊ ನಟರಿಗೆ ಮೌನ ಗೊತ್ತಿಲ್ಲ ಎನ್ನಲು ನಾಲಿಗೆ ಏಳುವುದಿಲ್ಲ. ಈ ಮೈಕ್, ಎಲ್‌ವಿಎನ್ ಸ್ಟುಡಿಯೊದ ದೊನ್ಯಾ ಸಿಸಾಂಗ್ ಅವರ ಮೊಮ್ಮಗ.

ಆದರೆ ನಾನು ಹೆಚ್ಚು ಹೊತ್ತು ನಿಲ್ಲಬೇಕೆಂದಿರುವುದು ನೋರಾ ಔನೊರ್ ಬಳಿ. ಬಿಕೊಲ್ ಪ್ರಾಂತ್ಯದ ಇರಿಗಾದಲ್ಲಿ ಹುಟ್ಟಿ, ಬಾಲ್ಯದಲ್ಲಿ ರೈಲು ನಿಲ್ದಾಣದಲ್ಲಿ ನೀರು ಮಾರಿದ ಹುಡುಗಿ. ಹಾಡುಗಾರಿಕೆಯ ಸ್ಪರ್ಧೆಯಿಂದ ಮೇಲೆ ಬಂದವಳು. ಕುಳ್ಳಗೆ, ಕಂದು ಬಣ್ಣ. ಬಿಳಿಯ ಮೈಬಣ್ಣದ ತಾರೆಯರನ್ನೇ ಮೆರೆಸುತ್ತಿದ್ದ ಚಿತ್ರರಂಗದಲ್ಲಿ ಆಕೆ ನಿಂತದ್ದೇ ಒಂದು ಸುದ್ದಿ. ಆಕೆಯ ಶಕ್ತಿ ಕಣ್ಣಿನಲ್ಲಿತ್ತು. ಇಶ್ಮಾಯೆಲ್ ಬರ್ನಾಲ್ ನಿರ್ದೇಶಿಸಿ ರಿಕಿ ಲೀ ಬರೆದ ‘ಹಿಮಾಲಾ’ (1982) ನೋಡಿ. ಮಳೆಯಿಲ್ಲದ ಊರು, ಮಾತೆ ಮರಿಯಳ ದರ್ಶನವಾಯಿತು ಎನ್ನುವ ಎಲ್ಸಾ ಎಂಬ ಹೆಣ್ಣು, ಹುಣ್ಣು ರೋಗ ಹೊತ್ತು ಬರುವ ಜನ, ಅವರ ಹಿಂದೆಯೇ ಬರುವ ವ್ಯಾಪಾರ. ಚಿತ್ರದ ಉದ್ದಕ್ಕೂ ಎಲ್ಸಾ ಹೆಚ್ಚು ಮಾತನಾಡುವುದಿಲ್ಲ. ಮಾತನಾಡಿದಾಗಲೂ ದನಿಯಲ್ಲಿ ಏರಿಳಿತವಿಲ್ಲ. ಸುತ್ತಲಿನವರೆಲ್ಲ ಅಳುತ್ತಾರೆ, ಕೂಗುತ್ತಾರೆ, ಬೇಡಿಕೊಳ್ಳುತ್ತಾರೆ. ಅವಳ ಮುಖ ಮಾತ್ರ ಒಂದು ಖಾಲಿ ಗೋಡೆ. ಕೊನೆಯಲ್ಲಿ ಸಾವಿರಾರು ಜನರ ಮುಂದೆ, ಗುಡ್ಡದ ಮೇಲೆ, ಮೈಕಿನಲ್ಲಿ ಅವಳು ಪವಾಡವೆಂಬುದು ಇಲ್ಲ, ಅದು ಇರುವುದು ಮನುಷ್ಯರ ಎದೆಯಲ್ಲಿ ಎಂದು ಸಾರುತ್ತಾಳೆ. ಆ ಮಾತು ಘೋಷಣೆಯೇ. ಸಿನಾಕುಲೊ ರಂಗದಲ್ಲಿ ಹೇಳಬಹುದಾದ ಮಾತೇ. ಅದನ್ನು ಮನೆಮಾತಿನ ಧಾಟಿಯಲ್ಲಿ ಹೇಳಿದ್ದರೆ ದೃಶ್ಯ ಸತ್ತುಹೋಗುತ್ತಿತ್ತು. ಬರ್ನಾಲ್ ಮತ್ತು ಔನೊರ್ ಮಾಡಿದ್ದಿಷ್ಟೇ: ಆ ದನಿಗೆ ಎದುರಿಗೊಂದು ನಿಜವಾದ ಜನಸಮೂಹವನ್ನು ಕೊಟ್ಟರು, ಅಲ್ಲಿಯವರೆಗೆ ಅದನ್ನು ಖರ್ಚು ಮಾಡದೆ ಕಾದಿಟ್ಟರು. 2022ರಲ್ಲಿ ಔನೊರ್ ಅವರನ್ನೂ ರಿಕಿ ಲೀ ಅವರನ್ನೂ ದೇಶ ರಾಷ್ಟ್ರೀಯ ಕಲಾವಿದರೆಂದು ಗೌರವಿಸಿತು. 2025ರ ಏಪ್ರಿಲ್‌ನಲ್ಲಿ ಔನೊರ್ ತೀರಿಕೊಂಡರು.

ಇದಕ್ಕೆ ಪೂರ್ತಿ ವಿರುದ್ಧ ದಿಕ್ಕಿನವರು ಜಾಕ್ಲಿನ್ ಹೊಸೆ. ಆಕೆಯದು ಏರದ, ಇಳಿಯದ, ತುಸು ಬೇಸತ್ತ ದನಿ. 2016ರಲ್ಲಿ ಬ್ರಿಲ್ಯಾಂತೆ ಮೆಂಡೋಸಾ ಅವರ ‘ಮಾ ರೋಸಾ’ ಚಿತ್ರಕ್ಕಾಗಿ ಕಾನ್‌ನಲ್ಲಿ ಶ್ರೇಷ್ಠ ನಟಿ ಪ್ರಶಸ್ತಿ ಪಡೆದ ಮೊದಲ ಫಿಲಿಪಿನೊ. ಪೊಲೀಸರಿಗೆ ಕೊಡಬೇಕಾದ ಹಣ ಹೊಂದಿಸಲು ಹೊರಟ ತಾಯಿ ಕೊನೆಗೆ ಬೀದಿಬದಿಯ ಮೀನಿನ ಉಂಡೆ ತಿನ್ನುತ್ತಾ ಎದುರಿನ ಒಂದು ಕುಟುಂಬವನ್ನು ನೋಡುತ್ತಾಳೆ. ಅಗಿಯುತ್ತಿರುವಾಗಲೇ ಕಣ್ಣು ತುಂಬುತ್ತದೆ. ಮಾತೇ ಇಲ್ಲ. ಇದೇ ನಟಿ ಟಿವಿ ಧಾರಾವಾಹಿಗಳಲ್ಲಿ ಅಬ್ಬರದ ಖಳನಾಯಕಿಯೂ ಆಗಿದ್ದರು. ಒಂದು ಬಂದರೆ ಇನ್ನೊಂದು ಬರುವುದಿಲ್ಲ ಎಂದು ತಿಳಿದವರು ಈ ಎರಡನ್ನೂ ನೋಡಬೇಕು.

ಲಾವ್ ದಿಯಾಸ್ ವಿಷಯ ಬಾಕಿಯಿದೆ. 2004ರಲ್ಲಿ ಮುಗಿಸಿದ, ಹತ್ತು ಗಂಟೆಗೂ ಉದ್ದದ ‘ಎಬೊಲುಸ್ಯೋನ್ ನಂಗ್ ಇಸಾಂಗ್ ಪಮಿಲ್ಯಾಂಗ್ ಪಿಲಿಪಿನೊ’ದಲ್ಲಿ ಪಾತ್ರಗಳು ಗದ್ದೆಯಲ್ಲಿ, ಗುಡಿಸಲಿನಲ್ಲಿ ಗಂಟೆಗಟ್ಟಲೆ ಹೆಚ್ಚು ಮಾತಿಲ್ಲದೆ ದುಡಿಯುತ್ತವೆ. ಆದರೆ ಅದೇ ಚಿತ್ರದಲ್ಲಿ ರೇಡಿಯೊ ನಾಟಕದ ಕಲಾವಿದರು ಮೈಕಿನ ಸುತ್ತ ನಿಂತು ಅಳುವುದನ್ನೂ, ಆ ಅಳುವನ್ನು ಹಳ್ಳಿಯ ಕುಟುಂಬ ಕಿವಿಗೊಟ್ಟು ಕೇಳುವುದನ್ನೂ ಆತ ತೋರಿಸುತ್ತಾನೆ. ಕೇಳುವವರು ತಮ್ಮ ನೋವನ್ನು ಬಾಯಿಬಿಟ್ಟು ಹೇಳದ ಜನ. ಅವರ ಬದಲಿಗೆ ರೇಡಿಯೊದವರು ಅಳುತ್ತಾರೆ. ಈ ಶೈಲಿ ಆ ಜನರ ಬದುಕಿನಲ್ಲಿ ಏನು ಕೆಲಸ ಮಾಡಿತು ಎಂಬುದನ್ನು ಇಷ್ಟು ಗೌರವದಿಂದ ತೋರಿಸಿದ ಇನ್ನೊಂದು ಚಿತ್ರ ನನಗೆ ಗೊತ್ತಿಲ್ಲ.

ಸಭೆಯಲ್ಲಿ ಒಬ್ಬರು ಕೇಳಿದರು: ಈಗ ನೇರವಾಗಿ ಧ್ವನಿ ಮುದ್ರಿಸುವ ಕಾಲ ಬಂದಿದೆಯಲ್ಲ, ಹಾಗಿದ್ದರೂ ಧಾರಾವಾಹಿಗಳಲ್ಲಿ ಅದೇ ಧಾಟಿ ಏಕೆ ಉಳಿದಿದೆ?

ನನ್ನ ಉತ್ತರ: ಡಬ್ಬಿಂಗ್ ಕೋಣೆ ಹೋಯಿತು, ದಣಿವು ಹೋಗಲಿಲ್ಲ. ದಿನನಿತ್ಯದ ಧಾರಾವಾಹಿಗಳ ಚಿತ್ರೀಕರಣ ಬೆಳಗಿನಿಂದ ಮರುದಿನದ ಬೆಳಗಿನವರೆಗೆ ಎಳೆಯುವುದು ಅಲ್ಲಿ ಬಹಳ ಕಾಲ ಮಾಮೂಲಾಗಿತ್ತು. ಹಿರಿಯ ನಟ ಎಡ್ಡಿ ಗಾರ್ಸಿಯಾ, 90ನೆಯ ವಯಸ್ಸಿನಲ್ಲಿ, 2019ರಲ್ಲಿ ಚಿತ್ರೀಕರಣದ ವೇಳೆ ಬಿದ್ದು, ಚೇತರಿಸಿಕೊಳ್ಳದೆ ತೀರಿಕೊಂಡರು. ಅವರ ಹೆಸರಿನಲ್ಲೇ 2024ರಲ್ಲಿ ಕಾನೂನು ಬಂತು. ಚಿತ್ರ ಮತ್ತು ಟಿವಿ ಕೆಲಸಗಾರರ ದಿನದ ದುಡಿಮೆ ಎಷ್ಟೇ ಎಳೆದರೂ 14 ಗಂಟೆ ಮೀರಬಾರದು ಎಂದು ಅದು ಹೇಳುತ್ತದೆ. ನಿದ್ದೆಗೆಟ್ಟ ನಟಿಯೊಬ್ಬಳು ನಡುರಾತ್ರಿಯಲ್ಲಿ, ಆಗತಾನೇ ಕೈಗೆ ಬಂದ ಸಾಲುಗಳನ್ನು ಹಿಡಿದು ಅಳಬೇಕಾದಾಗ ಅಳುವಿನ ಸಿದ್ಧ ಅಚ್ಚೊಂದನ್ನೇ ತೆಗೆಯುತ್ತಾಳೆ. ಅದಕ್ಕಾಗಿ ನಾನು ಅವಳನ್ನು ದೂರಲಾರೆ.

ಇನ್ನೊಬ್ಬರು, ಎಲ್ಲಿಂದ ನೋಡಲು ಶುರು ಮಾಡಬೇಕು ಎಂದು ಕೇಳಿದರು. ‘ಇನ್ಸ್ಯಾಂಗ್’ ಮತ್ತು ‘ಹಿಮಾಲಾ’ ಎರಡೂ ದುರಸ್ತಿಗೊಂಡು ಒಳ್ಳೆಯ ಪ್ರತಿಗಳಲ್ಲಿ ಸಿಗುತ್ತವೆ; ಮೊದಲು ಅವೆರಡು. ಒಂದು ದೃಶ್ಯವನ್ನಾದರೂ ಉಪಶೀರ್ಷಿಕೆ ಇಲ್ಲದೆ ಒಮ್ಮೆ ಕೇಳಿ. ಉಪಶೀರ್ಷಿಕೆ ಓದುವಾಗ ಅರ್ಥ ಕಣ್ಣಿಗೆ ಮೊದಲೇ ಸಿಕ್ಕಿಬಿಡುತ್ತದೆ; ಆಮೇಲೆ ಬರುವ ದನಿ ಹೆಚ್ಚಾಯಿತು ಎನ್ನಿಸುತ್ತದೆ. ಅದು ಇಲ್ಲದಿದ್ದಾಗ ಯಾವ ಪದಕ್ಕೆ ಒತ್ತು ಬಿತ್ತು, ಯಾರು ಯಾರ ಮಾತಿನ ಮೇಲೆ ಮಾತು ಹೇರಿದರು, ಎಲ್ಲಿ ಇಂಗ್ಲಿಷ್ ನುಗ್ಗಿತು ಎಂಬುದೆಲ್ಲ ಕೇಳಿಸುತ್ತದೆ. ಆಮೇಲೆ ಡೋಲಿ ದೆ ಲಿಯೋನ್ ಅಭಿನಯಿಸಿದ ಚಿತ್ರಗಳನ್ನು ಹುಡುಕಿ. ರಂಗಭೂಮಿಯಲ್ಲಿ ಪಳಗಿ, ಟಿವಿಯಲ್ಲಿ ಸಣ್ಣ ಸಣ್ಣ ಪಾತ್ರಗಳಲ್ಲಿ ವರ್ಷಗಟ್ಟಲೆ ದುಡಿದು, 2022ರ ಯುರೋಪಿನ ಚಿತ್ರವೊಂದರಿಂದ ಗೋಲ್ಡನ್ ಗ್ಲೋಬ್ ಮತ್ತು ಬಾಫ್ಟಾ ನಾಮನಿರ್ದೇಶನ ಪಡೆದ ನಟಿ ಆಕೆ. ಆ ಚಿತ್ರದಲ್ಲಿ ಹಡಗಿನ ಶೌಚಾಲಯ ತೊಳೆಯುವ ಹೆಣ್ಣೊಬ್ಬಳು ದ್ವೀಪದಲ್ಲಿ ಸಿಕ್ಕಿಬಿದ್ದ ಶ್ರೀಮಂತರಿಗೆ ಈಗ ಇಲ್ಲಿ ಕ್ಯಾಪ್ಟನ್ ನಾನು ಎಂದು ತಿಳಿಸುವ ದೃಶ್ಯದಲ್ಲಿ ಆಕೆ ದನಿ ಎತ್ತುವ ಅಳತೆಯನ್ನು ಗಮನಿಸಿ. ಎಷ್ಟು ಬೇಕೋ ಅಷ್ಟೇ ಎತ್ತುತ್ತಾರೆ, ಮತ್ತು ಎತ್ತಲು ಹೆದರುವುದಿಲ್ಲ.